ಶಿವಪುತ್ರಪ್ಪನ ಕರಡಿಗೆ

ಬೆಂಕಿಯ ದೃಶ್ಯ ತೆಗೆಸಿಹಾಕಿದ ಮೇಲೆ ಕಾಶಿನಾಥನಿಗೆ ಹೋದ ಜೀವ ಬಂದಂತಾಗಿತ್ತು. ಇಂಗ್ಲೆಂಡಿನ ಲೆಸ್ಟರಿನಲ್ಲಿ ಅವನು ಇಪ್ಪತ್ತೈದು ವರ್ಷದಿಂದ ಬಸ್ಸು ಓಡಿಸುತ್ತಿದ್ದ. ಮಗಳು ಮಾಯಾ ಒಂದು ಸಿನಿಮಾ ಮಾಡಿದ್ದಳು. ತಮ್ಮ ಮನೆತನದ್ದೇ ಕಥೆ. ಅಲ್ಲಿಯವರೂ ಆಗದೆ, ಇಲ್ಲಿಯವರಾಗಿಯೂ ಉಳಿಯದೆ ಒದ್ದಾಡುವ ಸಂಸಾರದ್ದು. ನಿಡಸೋಸಿಯ ಕಾಲೇಜು ಸಭಾಂಗಣದಲ್ಲಿ ಊರವರಿಗೆಲ್ಲ ತೋರಿಸಲೇಬೇಕೆಂದು ಹಟ ಹಿಡಿದಿದ್ದಳು. ಕಾಶಿನಾಥನ ತಾಯಿ ಶಿವವ್ವ ಯಮಕನಮರಡಿಯಿಂದ ಬಂದು ಮೊದಲ ಸಾಲಿನಲ್ಲೇ ಕುಳಿತಿದ್ದಳು.

ಅವ್ವನಿಗೆ ಗೊತ್ತಾಗಬಾರದ ಸಂಗತಿ ಒಂದೇ. ಆರು ತಿಂಗಳಿಗೆಂದು ಲೆಸ್ಟರಿಗೆ ಬಂದ ಅಪ್ಪ ಶಿವಪುತ್ರಪ್ಪ ಎದೆನೋವಿನಿಂದ ತೀರಿಕೊಂಡಾಗ ಕಾಶಿನಾಥ ಅವನನ್ನು ಸುಟ್ಟಿದ್ದ. ಲಿಂಗವಂತರನ್ನು ಕೂರಿಸಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ ತುಂಬಿ ಮಣ್ಣು ಮಾಡಬೇಕು, ಬೆಂಕಿ ಮುಟ್ಟಿಸುವಂತಿಲ್ಲ. ಹೂಳಲು ಜಾಗ ಸಿಗುತ್ತದೆಯೇ ಎಂದು ಈ ಪುಣ್ಯಾತ್ಮ ಒಬ್ಬರನ್ನೂ ಕೇಳಲಿಲ್ಲ. ರಜೆ ಇದ್ದದ್ದು ಮೂರೇ ದಿನ. ಪರಿಚಯದವರೆಲ್ಲ ಸುಡುವ ಕಡೆಗೇ ಒಯ್ಯುತ್ತಿದ್ದರು, ಇವನೂ ಒಯ್ದ. ಊರಿಗೆ ಫೋನ್ ಹಚ್ಚಿ, "ಎಲ್ಲಾ ನಮ್ಮ ಪದ್ಧತಿ ಪ್ರಕಾರನ ಮಾಡೇನಿ, ಅವ್ವಾ" ಅಂದ.

ಮರುವರ್ಷ ಊರಿಗೆ ಬರುವಾಗ, ಅಪ್ಪನನ್ನು ಹೂಳಿದ ಜಾಗದ ಮಣ್ಣೆಂದು ತನ್ನ ಹಿತ್ತಲಿನ ಮಣ್ಣನ್ನೇ ಡಬ್ಬಿಯಲ್ಲಿ ತಂದುಕೊಟ್ಟ. ಶಿವವ್ವ ಅದನ್ನು ಹೊಲದಲ್ಲಿ ಹುಗಿದು, ಮೇಲೊಂದು ಕಟ್ಟೆ ಕಟ್ಟಿಸಿ, ನಾಲ್ಕು ವರ್ಷದಿಂದ ಸೋಮವಾರ ತಪ್ಪದೆ ಪತ್ರಿ ಏರಿಸುತ್ತಿದ್ದಳು. ಪಕ್ಕದ ಜಾಗವನ್ನು ತನಗೆಂದು ಬಿಟ್ಟುಕೊಂಡಿದ್ದಳು.

ಸಿನಿಮಾ ಚೆನ್ನಾಗಿಯೇ ಓಡಿತು. ತೆರೆಯ ಮೇಲಿನ ಅಜ್ಜ ಸತ್ತ, ಬೆಂಕಿಯಿಲ್ಲ, ಹೊಗೆಯಿಲ್ಲ. ಕಾಶಿನಾಥ ಕಾಲು ಚಾಚಿ ಕುಳಿತ. ಕೊನೆಗೆ ಮೊಮ್ಮಗಳ ಪಾತ್ರದ ಹುಡುಗಿ ಕಪಾಟಿನಲ್ಲಿ, ಫುಟ್‌ಬಾಲ್ ಕಪ್ಪಿನ ಪಕ್ಕದಲ್ಲಿದ್ದ ಬೆಳ್ಳಿಯ ಕರಡಿಗೆ ತೆರೆದು, ಅಜ್ಜನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಳು. ಅಲ್ಲಿಗೆ ಎರಡು ದೇಶ ಒಂದಾದವಂತೆ! ಜನ ಚಪ್ಪಾಳೆ ತಟ್ಟಿದರು.

ಕರಡಿಗೆಯ ಮಗ್ಗುಲಲ್ಲಿ, ಹಿಂದೆ ಎತ್ತು ತುಳಿದು ಬಿದ್ದಿದ್ದ ತಗ್ಗು ಎದ್ದು ಕಾಣುತ್ತಿತ್ತು. ಮಾಯಾ ಮನೆಯಲ್ಲಿದ್ದ ಅಜ್ಜನ ಕರಡಿಗೆಯನ್ನೇ ಬಳಸಿದ್ದಳು. ಕಾಶಿನಾಥ ಆ ದೃಶ್ಯವನ್ನು ಮೂರು ಸಲ ನೋಡಿದ್ದ, ಏನೂ ಅನಿಸಿರಲಿಲ್ಲ. ತನ್ನ ಕೊರಳಿನದನ್ನೇ ಬಿಚ್ಚಿಟ್ಟು ಹದಿನೈದು ವರ್ಷವಾದವನಿಗೆ ಅಪ್ಪನದು ಎಲ್ಲಿ ಹೊಳೆಯಬೇಕು!

"ಅದು ಸಿನಿಮಾ ಅವ್ವಾ, ಖರೆ ಅಲ್ಲ," ಎಂದ, ಅವ್ವ ತೆರೆ ಬಿಟ್ಟು ತನ್ನತ್ತ ತಿರುಗಿದ್ದು ಕಂಡು ಗಡಬಡಿಸಿ.

"ಆ ತಗ್ಗು ಖರೆ ಐತಿ," ಅಂದಳು ಶಿವವ್ವ. "ಲಿಂಗ ಕಪಾಟಿನ್ಯಾಗ ಐತಿ ಅಂದ್ರ ನಿಮ್ಮಪ್ಪನ ಕೈಯಾಗ ಏನ್ ಇಟ್ಟಿ?"

ಕಾಶಿನಾಥ ಚಾಚಿದ್ದ ಕಾಲನ್ನು ಒಳಗೆಳೆದುಕೊಂಡ.

"ಸುಟ್ಟಿ ಏನು?"

"ಹೂಂ."

"ಮತ್ತ ಆ ಮಣ್ಣು?"

"ನಮ್ಮ ಹಿತ್ತಲದ್ದು."

ಶಿವವ್ವ ಅಳಲಿಲ್ಲ. ಅತ್ತಿದ್ದರೆ ಕಾಲಿಗಾದರೂ ಬೀಳಬಹುದಿತ್ತು ಎನಿಸಿ ಕಾಶಿನಾಥನಿಗೆ ಭಯವಾಯಿತು. ಅಷ್ಟರಲ್ಲಿ ಮಾಯಾ, ಅಜ್ಜಿಗೆ ತೋರಿಸಲೆಂದೇ ತಂದಿದ್ದ ಕರಡಿಗೆ ಹಿಡಿದು ಓಡಿಬಂದಳು. "ಆಯಿ, ಹೆಂಗಿತ್ತು?"

"ಛಲೋ ಮಾಡೀದಿ, ಮಗಳ. ನೀ ಮಾಡಲಿಲ್ಲಂದ್ರ ನನಗ ತಿಳೀತಿರಲಿಲ್ಲ." ಮುದುಕಿ ಕರಡಿಗೆಯನ್ನು ಕಣ್ಣಿಗೊತ್ತಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಆಮೇಲೆ ಹೊಲ ನೋಡಿಕೊಳ್ಳುವ ಮೈದುನನ ಮಗ ಅಶೋಕನನ್ನು ಹತ್ತಿರ ಕರೆದಳು.

"ಅಶೋಕಾ, ನಾ ಸತ್ತ ದಿನ ನನ್ನ ಕೈಯಾಗ ಎರಡೂ ಲಿಂಗ ಇಟ್ಟು ಮಣ್ಣ ಮಾಡು. ಯಾರ ಹಾದೀನೂ ಕಾಯಬ್ಯಾಡ. ಎಲ್ಲಾ ಮುಗದ ಮ್ಯಾಲ ಇವಗ ಒಂದ್ ಫೋನ್ ಹಚ್ಚಿ, ನಮ್ಮ ಪದ್ಧತಿ ಪ್ರಕಾರನ ಮಾಡೇನಿ ಅಂತ ಹೇಳು, ಸಾಕು."