ವಾರೆ ಸಾಲಿನ ಅನುಕ್ರಮಣಿಕೆ

ಗೋಕಾಕದ ಪೇಟೆಯಲ್ಲಿ ಪರಪ್ಪನ ಛಾಪಖಾನೆ ಇತ್ತು. ಲಗ್ನಪತ್ರಿಕೆ, ನಾಟಕದ ಜಾಹೀರಾತು ಅಚ್ಚು ಹಾಕಿಕೊಂಡು ತಣ್ಣಗಿದ್ದ ಮನುಷ್ಯ. ಮೂವತ್ತೇಳನೆಯ ಇಸವಿಯಲ್ಲಿ ಅವನಿಗೆ ಸಂಗೀತದ ಮಾಸಿಕವೊಂದನ್ನು ಹೊರಡಿಸುವ ಹುಕಿ ಬಂತು. ಹಾಡಲು ಬಾರದು, ಬಾರಿಸಲು ಬಾರದು. ಆದರೆ ಒಮ್ಮೆ ಬೆಳಗಾವಿಯಲ್ಲಿ ಗಾಯನದ ಬೈಠಕ್ಕಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕುಳಿತವರ ಜರಿ ರುಮಾಲುಗಳನ್ನು ಕಣ್ತುಂಬ ನೋಡಿ ಬಂದಿದ್ದ. ಸಂಗೀತವೆಂದರೆ ದೊಡ್ಡವರ ಸಹವಾಸ ಎಂಬುದು ಆಗಲೇ ಅವನ ತಲೆಯಲ್ಲಿ ಕೂತುಬಿಟ್ಟಿತು. ಮಾಸಿಕಕ್ಕೆ ‘ನಾದಪ್ರಭಾ’ ಎಂದು ಹೆಸರಿಟ್ಟ.

ಲೇಖನಗಳು ಹೇಗೋ ಕೂಡಿದವು. ಮೂಡಲಗಿಯ ಗಾಯಕಿ ಸಾತವ್ವ ತಾನು ರಿಯಾಜು ಮಾಡಿ ಹಾಡು ಕಲಿತ ಕತೆಯನ್ನು ಬರೆದುಕೊಟ್ಟಳು. ಫಜೀತಿಯಾದದ್ದು ಕೊನೆಗೆ ಉಳಿದ ಅನುಕ್ರಮಣಿಕೆಯ ಪುಟದಲ್ಲಿ. ಕೊಲ್ಲಾಪುರದಿಂದ ಬರಬೇಕಿದ್ದ ತಂಬೂರಿ ಚಿತ್ರದ ಅಚ್ಚಿನ ಬ್ಲಾಕು ಬರಲಿಲ್ಲ. ಪುಟದ ನೆತ್ತಿ ಬೋಳಾಗಿ ಕಂಡೀತೆಂದು ಪರಪ್ಪ ಕಬ್ಬಿಣದ ರಂಟೆಯ, ಅಂದರೆ ನೇಗಿಲಿನ, ಜಾಹೀರಾತಿನ ಬ್ಲಾಕನ್ನೇ ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿದ. ಸಂಗೀತ, ಸಾರಂಗಿ, ಸಿತಾರು, ಸಾಧನೆ ಎಂದು ಎಲ್ಲರೂ ‘ಸ’ವನ್ನೇ ಬೇಡಿದ್ದರಿಂದ ದಪ್ಪ ‘ಸ’ದ ಅಚ್ಚುಮೊಳೆಗಳು ತೀರಿಹೋದವು. ಸಣ್ಣ ಮೊಳೆಗಳನ್ನು ತಂದು ತುರುಕಿದ. ಮಿರಜಿನ ಖಾನಸಾಹೇಬರೊಬ್ಬರು ಕೊಡುತ್ತೇನೆಂದ ಲೇಖನ ಬರಲೇ ಇಲ್ಲ. ಅವರ ಸಾಲನ್ನು ಕಿತ್ತ ಮೇಲೆ ಪುಟದ ನಡುವೆ ಅಂಗಳದಷ್ಟು ಬಿಳಿ ಜಾಗ ಉಳಿಯಿತು. ಅವಸರದಲ್ಲಿ ಮೊಳೆಗಳನ್ನು ಬಿಗಿದಿಡುವ ಚೌಕಟ್ಟಿನ ಬೆಣೆ ಸಡಿಲಾಗಿ ಸಾತವ್ವನ ಸಾಲು ವಾರೆಯಾಗಿ ಬಿತ್ತು.

ಹೆಂಡತಿ ಕಾಶೆವ್ವ ಶಾಯಿ ಆರದ ಹಾಳೆಯನ್ನು ಎತ್ತಿ ನೋಡಿದಳು. “ಏನ್ರಿ ಇದು, ದನ ಹೊಕ್ಕ ಹೊಲ ಆಗೇತಲ್ಲ!”

“ಟಪಾಲಿಗೆ ಹೊತ್ತಾತು. ಯಾರು ನೋಡ್ತಾರ ಬಿಡು,” ಎಂದ ಪರಪ್ಪ.

ನೋಡಿದರು. ಹುಕ್ಕೇರಿಯ ವಾಚನಾಲಯವೊಂದರಿಂದ ಕರೆ ಬಂತು. ಅಲ್ಲಿ ದುರ್ಗಪ್ಪ ಮಾಸ್ತರರು ‘ನಾದಪ್ರಭಾದ ಅನುಕ್ರಮಣಿಕೆ: ಒಂದು ದರ್ಶನ’ ಎಂಬ ವಿಷಯವಾಗಿ ಮಾತಾಡುವವರಿದ್ದರು. ಈ ಮಾಸ್ತರರು ಒಮ್ಮೆ ಪುಣೆಗೆ ಹೋಗಿ ಚಿತ್ರಗಳ ಪ್ರದರ್ಶನ ನೋಡಿ ಬಂದವರು. ಅಂದಿನಿಂದ ಯಾವ ವಸ್ತುವೂ ಅವರ ಕಣ್ಣಿಗೆ ಬರೀ ವಸ್ತುವಾಗಿ ಕಂಡದ್ದಿಲ್ಲ. ಪರಪ್ಪ ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಹೋದ.

ಮಾಸ್ತರರು ಹಾಳೆಯನ್ನು ಗೋಡೆಗೆ ಅಂಟಿಸಿ, ಬೆತ್ತ ಹಿಡಿದು ನಿಂತರು. “ಮೊದಲ ಈ ಚಿತ್ರ ನೋಡ್ರಿ. ತಿಳೀಲಾರದವರು ಇದನ್ನ ತಂಬೂರಿ ಅಂದಾರು. ಅಲ್ಲ. ಇದು ತಂಬೂರಿಯ ಆತ್ಮ!”

ಹಿಂದೆ ಕುಳಿತಿದ್ದ ಒಕ್ಕಲಿಗನೊಬ್ಬ, “ಮಾಸ್ತರ್ರ, ನಮ್ಮನಿ ರಂಟಿ ಇದ್ದಂಗ ಐತಲ್ರಿ,” ಎಂದ.

“ಕಾಣಬೇಕು! ಒಕ್ಕಲಿಗಗ ರಂಟಿ, ರಸಿಕಗ ತಂಬೂರಿ. ಅದ ಇದರ ಹೆಚ್ಚುಗಾರಿಕಿ!” ಜನ ಚಪ್ಪಾಳೆ ತಟ್ಟಿದರು. ಒಕ್ಕಲಿಗನೂ ತಟ್ಟಿದ.

“ಇನ್ನ ‘ಸ’ ನೋಡ್ರಿ. ಎಲ್ಲಾ ಅಕ್ಷರ ದಪ್ಪ, ಅದೊಂದ ಸಣ್ಣದು. ಯಾಕ? ‘ಸ’ ಅಂದ್ರ ಷಡ್ಜ. ಎಲ್ಲಾ ಸ್ವರಾನೂ ಹೊರೂದು ಅದ, ಆದ್ರ ಮೆರಿಯೂದಿಲ್ಲ. ಈ ನಡುವಿನ ಬಿಳಿ ಜಾಗಾ ಐತಲ್ಲ, ಅದು ಮೌನ. ತಾಳದ ಸಮಕ್ಕ ಬರೂ ಮುಂಚೆ ಗವಾಯಿ ಹಿಡಿಯೂ ಉಸರು. ಮತ್ತ ಈ ವಾರಿ ಸಾಲು...” ಮಾಸ್ತರರ ದನಿ ಇಳಿಯಿತು. “ಇದು ಮೀಂಡ್ರೀ. ಒಂದು ಸ್ವರದಿಂದ ಇನ್ನೊಂದಕ್ಕ ಜಾರೂ ಮೀಂಡು.”

ಯಾರದೋ ಕಣ್ಣು ತೇವವಾಯಿತು. ಪರಪ್ಪನಿಗೆ ಹಾರ ಹಾಕುವಾಗ ಒಬ್ಬರು ಕೇಳಿದರು: “ಇಷ್ಟೆಲ್ಲಾ ವಿಚಾರ ಮಾಡೇ ಕೂಡಿಸಿದ್ರೇನ್ರಿ?”

“ಮತ್ತ ಸುಮ್ಮನ ಆಗತೈತೇನ್ರಿ?” ಎಂದುಬಿಟ್ಟ ಪರಪ್ಪ. ಗೋಕಾಕ ಮುಟ್ಟುವಷ್ಟರಲ್ಲಿ ಅದನ್ನು ತಾನೇ ನಂಬಿಯೂ ಆಗಿತ್ತು.

ಎರಡನೆಯ ಸಂಚಿಕೆಗೆ ಸಾತವ್ವನ ಜೊತೆ ಮಾಸ್ತರರೂ ಲೇಖನ ಕಳಿಸಿದರು. ಋಣ ತೀರಿಸುವ ಕಾಲ ಬಂತೆಂದು ಪರಪ್ಪ ಅನುಕ್ರಮಣಿಕೆಗೆ ಕೂತ. ಕೂತವನು ಊಟಕ್ಕೂ ಏಳಲಿಲ್ಲ. ಒಳ್ಳೆಯ ಬೆಣೆಯನ್ನು ಸಡಿಲಿಸಿದ, ಇದ್ದ ದಪ್ಪ ಮೊಳೆಗಳನ್ನು ಬಚ್ಚಿಟ್ಟ. ನಡುವೆ ದೊಡ್ಡ ಮೌನವೊಂದನ್ನು ಬಿಟ್ಟು, ಅದರ ಗರ್ಭದಲ್ಲಿ ಎಲ್ಲಕ್ಕಿಂತ ಸಣ್ಣ ಅಕ್ಷರಗಳಲ್ಲಿ, ಎಲ್ಲರಿಗಿಂತ ವಾರೆಯಾಗಿ, ದುರ್ಗಪ್ಪ ಮಾಸ್ತರರ ಹೆಸರನ್ನು ಇಟ್ಟ. ಅದಕ್ಕಿಂತ ದೊಡ್ಡ ಗೌರವ ಅವನಿಗೆ ಹೊಳೆಯಲಿಲ್ಲ.

ಸಂಚಿಕೆ ಮುಟ್ಟಿದ ಮರುದಿನವೇ ಮಾಸ್ತರರು ಸರ್ವಿಸ್ ಮೋಟಾರಿನಿಂದ ಇಳಿದು ನೇರ ಛಾಪಖಾನೆಗೆ ನುಗ್ಗಿದರು.

“ಏನ್ರಿ ಪರಪ್ಪನವರ, ನನ್ನ ಹೆಸರು ಎಲ್ಲೈತಿ?”

“ಮೌನದಾಗ ಐತ್ರಿ,” ಎಂದ ಪರಪ್ಪ ನಗುಮುಖದಿಂದ.

“ಇರಿವಿ ಸತ್ತು ಬಿದ್ದಂಗ ಬಿದ್ದೈತಿ! ವಾರಿ ಬ್ಯಾರೆ! ಕುಡದು ಕೂಡಿಸಿದ್ರೇನು?”

“ಮೀಂಡ್ರೀ ಮಾಸ್ತರ್ರ. ನೀವ ಹೇಳಿದ ಸಿದ್ಧಾಂತ.”

“ಸಿದ್ಧಾಂತ ಮಂದಿ ಹೆಸರಿಗೆ! ನನ್ನ ಹೆಸರನ್ನ ನಮ್ಮ ಬೀಗರು ಓದಬೇಕಲ್ಲೋ ಮಾರಾಯಾ!”

ಪರಪ್ಪನ ಮುಖ ಇಳಿದುಹೋಯಿತು. ವಾದಿಸುವ ಧೈರ್ಯವಾಗಲಿಲ್ಲ. ಹುಕ್ಕೇರಿಯ ಹಾರ ಇನ್ನೂ ಗೂಟದಲ್ಲಿ ಒಣಗುತ್ತಿತ್ತು. ನಾಟಕ ಕಂಪನಿಗಳ ಜಾಹೀರಾತಿಗೆಂದು ಇಟ್ಟಿದ್ದ ದೊಡ್ಡ ಮರದ ಮೊಳೆಗಳನ್ನು ತೆಗೆದು ಪುಟವನ್ನು ಹೊಸದಾಗಿ ಕೂಡಿಸಿದ. ಮಾಸ್ತರರ ಹೆಸರು ಅರ್ಧ ಪುಟವನ್ನು ನುಂಗಿತು. ಉಳಿದವರನ್ನು ಒತ್ತಿ ಒತ್ತಿ ಕೂಡಿಸಿದರೂ ಕಡೆಯ ಸಾಲಿಗೆ ಜಾಗ ಸಾಲಲಿಲ್ಲ. ಆ ಸಾಲು ಸಾತವ್ವನದು, ತೆಗೆದುಹಾಕಿದ.

ಮಾಸ್ತರರು ಹಾಳೆಯನ್ನು ತೋಳುದ್ದ ಹಿಡಿದು ನೋಡಿದರು. “ಈಗ ನೋಡ್ರಿ! ಇದಕ್ಕ ಅಂತಾರ ತಾರಷಡ್ಜ, ಮ್ಯಾಲಿನ ‘ಸ’!” ಎಂದರು.

ತಿದ್ದಿದ ಹಾಳೆ ಎಲ್ಲರಿಗೂ ಮತ್ತೆ ಟಪಾಲಿನಲ್ಲಿ ಹೋಯಿತು. ಆ ವಾರವೇ ಸಾತವ್ವ ಮೂಡಲಗಿಯಿಂದ ಬಂದಳು. ಅವಳು ಕೂಗಾಡಲಿಲ್ಲ. ಹೊಸ ಹಾಳೆಯನ್ನು ಅವನ ಮುಂದೆ ಹರಡಿ, “ನಾ ಎಲ್ಲಿ ಹೋಗೇನ್ರಿ?” ಎಂದಳು.

“ಒಳಗ ಐತ್ರಿ ಅಕ್ಕಾರ ನಿಮ್ಮ ಲೇಖನ. ಒಂದು ಅಕ್ಷರ ಬಿಟ್ಟಿಲ್ಲ.”

“ಹೋಗ್ಲಿ, ಹೋದ ಸಲ ಬರದದ್ದನ್ನ ನೀವರ ಓದೀರೇನು?”

ಒಂದೊಂದು ಅಕ್ಷರವನ್ನೂ ಪರಪ್ಪ ಕೈಯಾರೆ ಹೆಕ್ಕಿ ಜೋಡಿಸಿದ್ದ. ಆದರೆ ಅವಳು ಬರೆದದ್ದೇನು ಎಂದು ಈಗ ತಡಕಾಡಿದರೆ ಒಂದು ಮಾತೂ ನೆನಪಿಗೆ ಬರಲಿಲ್ಲ.

“ಮಾವ ಬೈತಾನಂತ ಖಾಲಿ ಗಡಿಗಿಯೊಳಗ ಬಾಯಿ ಇಟ್ಟ ಹಾಡ್ತಿದ್ದೆ. ಅದನ್ನ ಬರದಿದ್ದೆ,” ಎಂದಳು ಸಾತವ್ವ. “ಓದಿದವರು ನಕ್ಕಾರು, ಇಲ್ಲಾ ಮರಗ್ಯಾರು ಅಂದ್ಕೊಂಡಿದ್ದೆ. ಮೂಡಲಗಿ ಮಂದಿ ನಿಂತ ನಿಂತಲ್ಲೆ ಕೇಳಿದ್ದು ಒಂದ: ನಿನ್ನ ಸಾಲು ಯಾಕ ವಾರಿ ಐತೆವ್ವಾ ಅಂತ. ಈ ಸಲ ಅದೂ ಕೇಳಂಗಿಲ್ಲ.”

ಹಾಳೆಯನ್ನು ಅಲ್ಲೇ ಬಿಟ್ಟು ಹೊರಟಳು. ಕಾಶೆವ್ವ ಚಹಾಕ್ಕೆ ಕರೆದರೂ ನಿಲ್ಲಲಿಲ್ಲ.

ಮಧ್ಯಾಹ್ನ ಪರಪ್ಪ ಮೊದಲ ಸಂಚಿಕೆ ತೆಗೆದು ಸಾತವ್ವನ ಲೇಖನವನ್ನು ಕಾಶೆವ್ವನಿಗೆ ಓದಿ ಹೇಳಿದ. ಗಡಿಗೆಯಿಂದ ಬಂದ ದನಿ ಕೇಳಿ ಅತ್ತೆ ದೆವ್ವವೆಂದು ಚೀರಿದ ಭಾಗಕ್ಕೆ ಅವಳು ಬಿದ್ದು ಬಿದ್ದು ನಕ್ಕಳು. ಮುಂದಿನದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇಂಥಾದ್ದನ್ನ ಮನ್ಯಾಗ ಇಟ್ಕೊಂಡು, ಹುಕ್ಕೇರಿಗೆ ಹೋಗಿ ಸಡ್ಲ ಬೆಣಿಗೆ ಹಾರ ಹಾಕಿಸ್ಕೊಂಡು ಬಂದ್ರಿ,” ಎಂದಳು. ಪರಪ್ಪ ನಾಳೆಯೇ ಮೂಡಲಗಿಗೆ ಹೋಗಿ ಸಾತವ್ವನ ಮುಂದೆ ಕೂರಬೇಕೆಂದುಕೊಂಡ. ಹೋಗಿಯೂ ಬಂದ. ಅವಳು ನೀರು ಕೊಟ್ಟಳೇ ಹೊರತು ಮೂರನೆಯ ಲೇಖನ ಕೊಡಲಿಲ್ಲ. ‘ನಾದಪ್ರಭಾ’ ಅಲ್ಲಿಗೆ ನಿಂತಿತು.

ತಿಂಗಳೊಪ್ಪತ್ತಿಗೆ ದುರ್ಗಪ್ಪ ಮಾಸ್ತರರು ಮತ್ತೆ ಬಂದರು. ಎರಡನೆಯ ಸಂಚಿಕೆಯ ಅನುಕ್ರಮಣಿಕೆಯ ಮೇಲೆ ಬರೆದ ದೀರ್ಘ ಲೇಖನ ಕಂಕುಳಲ್ಲಿತ್ತು.

“ಮಾಸಿಕ ನಿಂತೈತ್ರಿ ಮಾಸ್ತರ್ರ,” ಎಂದ ಪರಪ್ಪ. “ಬರಿಯೂ ಮಂದಿ ಇಲ್ಲ, ಓದೂ ಮಂದಿ ಇಲ್ಲ.”

ಮಾಸ್ತರರು ಗದ್ದ ತುರಿಸಿಕೊಂಡರು. ಅವರ ಮುಖದಲ್ಲಿ ಹಾಸ್ಯದ ಸುಳಿವಿರಲಿಲ್ಲ.

“ಹಂಗಾರ ಬರೇ ಅನುಕ್ರಮಣಿಕಿ ಒಂದರ ಅಚ್ಚ ಹಾಕ್ರಲಾ,” ಎಂದರು.