ತುದಿಗದ್ದೆಯ ಅಧ್ಯಕ್ಷೆ

"ಬೇಗ ಬಾಚೇ ಮಾರಾಯ್ತಿ, ಇದೇನು ನಿಮ್ಮಪ್ಪನ ಕಣನಾ?" ಎಂದು ಎಸ್ಟೇಟಿನ ಮೇಸ್ತ್ರಿ ಧರ್ಮೇಶ ದಂಡೆಯ ಮೇಲಿಂದ ಕೂಗಿದ.

ಅಣ್ಣಮ್ಮ ಕಾಲುವೆಯೊಳಗೆ ಕುಕ್ಕರುಗಾಲಲ್ಲಿ ಕೂತು, ತೋಟದಲ್ಲಿ ಆಯ್ದು ತಂದ ಉದುರು ಕಾಳುಮೆಣಸನ್ನು ಮೊರಕ್ಕೆ ಬಾಚುತ್ತಿದ್ದಳು. ಕಾಲುವೆ ಕಟ್ಟಿ ಮೂರು ವರ್ಷವಾಗಿತ್ತು. ನೀರು ಮಾತ್ರ ಏಕಾಂತಪ್ಪನವರ ಎಸ್ಟೇಟಿನ ಗಡಿ ದಾಟಿ ಕೆಳಗೆ ಬಂದದ್ದಿಲ್ಲ. ಅಲ್ಲಿ ಒಂದು ಹಲಗೆ ಅಡ್ಡ ಇಳಿಸಿ ಅಷ್ಟನ್ನೂ ಅವರ ಕೆರೆಗೆ ತಿರುಗಿಸಿಕೊಂಡಿದ್ದರು. ಕಾಫಿ ಹೂವರಳಲು ಸ್ಪ್ರಿಂಕ್ಲರ್ ಹೊಡೆಯಬೇಕಲ್ಲ. ಒಣಗಿ ಬಿದ್ದ ಸಿಮೆಂಟು ಕಾಲುವೆ, ಎಸ್ಟೇಟಿನ ಲೈನ್ ಮನೆಗಳಲ್ಲಿದ್ದ ಕೂಲಿ ಹೆಂಗಸರ ಪಾಲಿಗೆ ಬಂತು. ಮೆಣಸು, ಹಪ್ಪಳ, ಕೂಸುಗಳ ಬಟ್ಟೆ, ಎಲ್ಲಕ್ಕೂ ಅದೇ. ಅಷ್ಟು ನುಣುಪಾದ ಕಣ ಜಾವಳಿ ಊರಿನ ಸಾಹುಕಾರರಿಗೂ ಇರಲಿಲ್ಲ.

"ಹೊರದೇಶದೋರು ಸಾಲ ಕೊಟ್ಟು ನಮ್ಗೆ ಮೆಣಸು ಒಣಗ್ಸಕ್ಕೆ ಜಾಗ ಮಾಡ್ಕೊಟ್ರು ನೋಡೇ," ಎಂದಳು ಪಕ್ಕದಲ್ಲಿ ಗುಡಿಸುತ್ತಿದ್ದ ಶಾಂತಕುಮಾರಿ.

"ಆ ಸಾಲ ತೀರ್ಸದು ಯಾರಂತೆ?"

"ನಾವೇ ಅಂತೆ. ಬೆಂಕಿಪೆಟ್ಟಿಗೆ ತಗಂಡ್ರೂ ಅದ್ರಲ್ಲಿ ಒಂಚೂರು ಅಲ್ಲಿಗೆ ಹೋಗ್ತದಂತೆ."

"ಹಂಗಾರೆ ಒಲೆ ಹಚ್ಚದೇ ಬಿಡನ. ಸಾಯ್ಲಿ ಅವ್ರು."

ಸಾಲ ಕೊಟ್ಟ ಬ್ಯಾಂಕಿನವರು ಆ ದಿನವೇ ನೋಡಲು ಬರುವವರಿದ್ದರು. ಏಕಾಂತಪ್ಪನವರು ಜೀಪಿನಿಂದ ಇಳಿದು ಅಣ್ಣಮ್ಮನ ಕಡೆಗೆ ಒಂದು ಸೀರೆ ಎಸೆದರು.

"ಉಟ್ಕೊಂಡು ಬಾ. ನಮ್ಮ ಮನೆಯೋರ್ದು. ಫೋಟೋ ಆದ್ಮೇಲೆ ತೊಳೆದು ವಾಪಸ್ ಕೊಡ್ಬೇಕು."

"ನಾನ್ಯಾಕೆ ಅಯ್ಯಾ?"

"ನೀನು ನೀರಿನ ಸಂಘದ ಅಧ್ಯಕ್ಷೆ ಅಲ್ವೇನೇ? ಮೂರು ವರ್ಷದ ಹಿಂದೆ ಸೈನ್ ಹಾಕ್ಲಿಲ್ವಾ?"

ಹಾಕಿದ್ದಳು, ರೇಷನ್ ಕಾರ್ಡಿಗೆ ಎಂದುಕೊಂಡು. ಅಧ್ಯಕ್ಷರು ಹೆಂಗಸೇ ಆಗಿರಬೇಕು, ಕಾಲುವೆಯ ತುದಿಯವಳೇ ಆಗಿರಬೇಕು ಎಂದು ಬ್ಯಾಂಕಿನ ಷರತ್ತಿತ್ತಂತೆ. ಸರ್ಕಾರದಿಂದ ದರಖಾಸ್ತಿನಲ್ಲಿ ಸಿಕ್ಕಿದ ಅವಳ ಅರ್ಧ ಎಕರೆಯೇ ಕಟ್ಟಕಡೆಯ ಗದ್ದೆ. ಈ ಬೇಸಿಗೆ ಅದರಲ್ಲಿ ಬೀನ್ಸ್ ಹಾಕಿದ್ದಳು. ಹಳ್ಳದಿಂದ ದಿನಕ್ಕೆ ನಲವತ್ತು ಕೊಡ ಹೊತ್ತರೂ ಬಳ್ಳಿ ಬಾಡುತ್ತಿತ್ತು. ಇನ್ನೊಂದು ವಾರ ಹೀಗೇ ಆದರೆ ಹೂವೆಲ್ಲ ಉದುರುತ್ತಿತ್ತು.

"ಅವ್ರು ಏನೇ ಕೇಳ್ಲಿ, ಹೂಂ ಅನ್ನು," ಎಂದರು ಏಕಾಂತಪ್ಪ. "ಒಂದು ಮಾತು ಹೆಚ್ಚುಕಮ್ಮಿ ಆದ್ರೆ ಲೈನ್ ಮನೆ ಖಾಲಿ ಮಾಡ್ತೀಯ."

ಹನ್ನೊಂದು ಗಂಟೆಗೆ ಮೇಲ್ಗಡೆ ಗಡಿಯಲ್ಲಿ ಹಲಗೆ ಎತ್ತಿಸಿದರು. ನೀರಿಗೂ ದಾರಿ ಹೊಸದು. ತರಗೆಲೆ, ಒಂದು ಹವಾಯಿ ಚಪ್ಪಲಿ, ಯಾರದೋ ಕೋಳಿ ಕದ್ದುಮುಚ್ಚಿ ಇಟ್ಟಿದ್ದ ಮೊಟ್ಟೆ, ಎಲ್ಲವನ್ನೂ ತಳ್ಳಿಕೊಂಡು ಮದುವೆ ದಿಬ್ಬಣದ ಹಾಗೆ ಬಂತು. ಅಣ್ಣಮ್ಮ ಬಾಯಿಗೆ ಹಾಕಿದ್ದ ಎಲೆಯಡಿಕೆ ಇನ್ನೂ ಕೆಂಪಾಗಿರಲಿಲ್ಲ, ನೀರು ಬೀನ್ಸಿನ ಸಾಲಿಗೆ ನುಗ್ಗಿತು. ಮೂರು ವರ್ಷದ ದೂರ ಇಷ್ಟೇನಾ ಎಂದು ಅವಳು ಅಗಿಯುವುದನ್ನೇ ಮರೆತಳು.

ಬ್ಯಾಂಕಿನ ಬಿಳಿ ಹೆಂಗಸು ಬಂದು ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ದಂಡೆಯ ಮೇಲೇ ಕೂತಳು. ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಲು ಚಿಕ್ಕಮಗಳೂರಿನಿಂದ ಕವನಾ ಎಂಬ ಹುಡುಗಿ ಬಂದಿದ್ದಳು.

"ನೀರು ಚೆನ್ನಾಗಿ ಬರ್ತದಾ ಅಂತ ಕೇಳ್ತಿದ್ದಾರೆ, ಅಮ್ಮ."

"ಹೂಂ. ಕೋಳಿಮೊಟ್ಟೆ ಸಮೇತ ಬರ್ತದೆ."

ಹೆಂಗಸರು ಸೆರಗಿನಲ್ಲಿ ನಕ್ಕರು. ಏಕಾಂತಪ್ಪನವರು ಕೆಮ್ಮಿದರು. ಬಿಳಿ ಹೆಂಗಸು ಮತ್ತೊಂದು ಕೇಳಿದಳು.

"ಹಲಗೆ ಎತ್ತೋದು, ಇಳಿಸೋದು ಅಧ್ಯಕ್ಷರ ಅಧಿಕಾರ ಅಂತ ಒಪ್ಪಂದದಲ್ಲಿ ಬರೆದಿದೆಯಲ್ಲ," ಎಂದಳು ಕವನಾ. "ನೀವು ಯಾವ ಯಾವ ದಿನ ಎತ್ತಿಸ್ತೀರಿ?"

ಅಣ್ಣಮ್ಮ ಆ ಹುಡುಗಿಯ ಮುಖವನ್ನೇ ನೋಡಿದಳು. "ಯಾರ ಅಧಿಕಾರ ಅಂದ್ರಿ?"

"ನಿಮ್ಮದೇ, ಅಮ್ಮ."

"ಮಂಗಳವಾರ, ಶುಕ್ರವಾರ," ಎಂದು ಏಕಾಂತಪ್ಪನವರು ನಡುವೆ ಬಾಯಿ ಹಾಕಿದರು. "ಬೆಳಗಿಂದ ಸಂಜೆವರೆಗೂ. ಹೌದಲ್ವೇನಮ್ಮಾ?"

ಅವರ ಬಾಯಲ್ಲಿ 'ಅಮ್ಮಾ' ಕೇಳಿದ್ದು ಅವಳಿಗೆ ಅದೇ ಮೊದಲು.

"ಹೂಂ," ಎಂದಳು ಅಣ್ಣಮ್ಮ. "ಅಯ್ಯೋರು ಹೇಳಿದ್ ಮೇಲೆ ಮುಗೀತು. ಬರ್ಕೊಳ್ಳಿ."

ಬಿಳಿ ಹೆಂಗಸು ಬರೆದುಕೊಂಡಳು. ಫೋಟೋ ಆಯಿತು. ಕಾರು ತಿರುವು ದಾಟಿದ್ದೇ ತಡ, ಏಕಾಂತಪ್ಪನವರು ಕುರ್ಚಿಯ ಕಾಲಿಗೆ ಒದ್ದರು.

"ಏಳೇ ಮೇಲೆ, ಮುಂಡೆ. ಮೊಟ್ಟೆ ಸಮೇತ ಅಂತೆ. ಹಲ್ಲು ಉದುರಿಸಿಬಿಟ್ಟೇನು." ಆಮೇಲೆ ಮೇಲೆ ಹಲಗೆಯ ಹತ್ತಿರ ಇದ್ದ ಆಳುಗಳಿಗೆ ಫೋನಿನಲ್ಲಿ ಹೇಳಿದರು, "ಹಲಗೆ ಇಳಿಸ್ರೋ."

ಅಣ್ಣಮ್ಮ ಮರೆಗೆ ಹೋಗಿ ಸೀರೆ ಬಿಚ್ಚಿ, ತನ್ನದನ್ನು ಉಟ್ಟುಕೊಂಡು ಗದ್ದೆಗೆ ಹೋದಳು. ನೀರು ಬೆರಳಿನಷ್ಟಾಗಿ, ದಾರದಷ್ಟಾಗಿ, ನಿಂತಿತು. ಎರಡು ಸಾಲು ನೆಂದಿತ್ತು, ಉಳಿದದ್ದು ಹಾಗೇ. ನೆಂದ ಸಾಲಿನ ಎಲೆಗಳು ಆಗಲೇ ತಲೆ ಎತ್ತಿದ ಹಾಗೆ ಅವಳಿಗೆ ಕಂಡಿತು.

ಕುರ್ಚಿ ಹೊತ್ತುಕೊಂಡು ಹೋಗುತ್ತಿದ್ದ ಧರ್ಮೇಶನನ್ನು ನಿಲ್ಲಿಸಿ ಕೇಳಿದಳು, "ಧರ್ಮಣ್ಣಾ, ಆ ಹಲಗೆ ಎತ್ತಕ್ಕೆ ಎಷ್ಟು ಜನ ಬೇಕು?"

"ಒಬ್ಬ ಸಾಕು. ಹಾರೆ ಕೊಟ್ಟು ಮೀಟಿದ್ರೆ ಎದ್ಬರ್ತದೆ. ಯಾಕೆ?"

"ಸುಮ್ನೆ ಕೇಳ್ದೆ. ಅಧ್ಯಕ್ಷೆ ಅಲ್ವಾ."

"ಥೂ ನಿನ್ನ," ಎಂದು ನಗುತ್ತ ಅವನು ಹೋದ.

ಅಣ್ಣಮ್ಮ ಬದುವಿನ ಮೇಲೆ ಕೂತಳು. ಇವತ್ತು ಸೋಮವಾರ. ಹಾರೆ ಮನೆಯ ಹಿಂದೆಯೇ ಇತ್ತು. ನಾಳೆ ಕೆಲಸದ ಗಂಟೆ ಹೊಡೆಯುವ ಮೊದಲು ಹೊರಟರೆ ಗಡಿಯ ಹತ್ತಿರ ಯಾರೂ ಇರುವುದಿಲ್ಲ. ಎತ್ತಿದ ಹಲಗೆಯ ಮೇಲೆ ಎಲೆಯಡಿಕೆ ಚೀಲ ಇಟ್ಟುಕೊಂಡು ಸಂಜೆಯವರೆಗೆ ಕೂರುವುದು. ಎಬ್ಬಿಸಲು ಬಂದರೆ ಬರಲಿ. ಮನೆ ಹೋದರೆ? ಆ ಪ್ರಶ್ನೆಯನ್ನು ಅವಳು ಎಲೆಯಡಿಕೆಯ ಜೊತೆ ಒಂದು ದವಡೆಗೆ ತಳ್ಳಿದಳು.

ಮೊರ ಹೊತ್ತು ಬಂದ ಶಾಂತಕುಮಾರಿ ಕೇಳಿದಳು, "ನಾಳೆ ಕಾಫಿ ಗಿಡದ ಚಿಗುರು ತೆಗೆಯಕ್ಕೆ ಒಟ್ಟಿಗೇ ಹೋಗನ, ಕರೀಲಾ?"

"ಬೇಡ ಕಣೇ. ನಾಳೆ ನಂಗೆ ಹೊಟ್ಟೆನೋವು ಬರೋ ಹಂಗಿದೆ," ಎಂದಳು ಅಣ್ಣಮ್ಮ.