ದೊಡ್ಡ ಡಾಕ್ಟರ ಮೇಜಿನ ಟ್ರೇ

ಮೂರನೇ ವಾರ್ಡಿನ ಹೆಡ್ ನರ್ಸಿಗೆ ಆಸ್ಪತ್ರೆಯವರೆಲ್ಲ ಸೇರಿ ಗಡಿಯಾರದ ಸಿಸ್ಟರ್ ಅಂತ ಹೆಸರಿಟ್ಟು ಎರಡು ವಾರವಾಗಿತ್ತು. ರೋಗಿಗೆ ಮನೆಗೆ ಹೋಗಬಹುದು ಎಂದು ಹೇಳಿದ್ದು ಎಷ್ಟು ಗಂಟೆಗೆ, ಅವನು ನಿಜವಾಗಿ ಬೆಡ್ ಬಿಟ್ಟಿದ್ದು ಎಷ್ಟು ಗಂಟೆಗೆ, ಇಷ್ಟನ್ನು ಅವಳು ಜೇಬಿನ ಚೀಟಿಯಲ್ಲಿ ಬಿಡದೆ ಗೀಚಿಕೊಳ್ಳುತ್ತಿದ್ದಳು. ನಗುವವರು ನಗಲಿ, ಅದಕ್ಕೆಲ್ಲ ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಟ್ಟಿದ್ದು ಹೋದ ತಿಂಗಳು. ಸ್ವಂತ ಅಕ್ಕ ನ್ಯುಮೋನಿಯಾ ಬಂದು, ಉಸಿರಿಗೆ ಒದ್ದಾಡುತ್ತ, ಇದೇ ಕಾರಿಡಾರಿನಲ್ಲಿ ಸ್ಟ್ರೆಚರ್ ಮೇಲೆ ಆರು ಗಂಟೆ ಮಲಗಿದ್ದಳು. ಒಳಗೆ ಹನ್ನೆರಡನೇ ಬೆಡ್ಡಿನಲ್ಲಿ ಗುಣವಾದ ಗಂಡಸೊಬ್ಬ ಚಪ್ಪಲಿ ಮೆಟ್ಟಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು, ಡಿಸ್ಚಾರ್ಜ್ ಪತ್ರಕ್ಕೆ ಕಾಯುತ್ತ ಕೂತಿದ್ದ. ಪಾಪ, ಅವನದೇನು ತಪ್ಪು. ಅಕ್ಕ ಹೇಗೋ ಉಳಿದಳು. ಆದರೆ "ನೀನು ಇಲ್ಲೇ ಇದ್ದೂ ನನಗೊಂದು ಬೆಡ್ ಸಿಗ್ಲಿಲ್ವಲ್ಲೇ" ಅಂದ ಮಾತು ತಂಗಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಈ ಆಸ್ಪತ್ರೆಯಲ್ಲಿ ಏನನ್ನೇ ಸುಧಾರಿಸಬೇಕಾದರೂ ಮೊದಲು ಒಂದು ಪುಟದ ಪ್ರಾಜೆಕ್ಟ್ ಚಾರ್ಟರ್ ಬರೆಯಬೇಕು. ಸಮಸ್ಯೆ ಏನು, ಗುರಿ ಏನು, ಎಷ್ಟು ದಿನ ಬೇಕು ಎಂಬುದೆಲ್ಲ ಅದರಲ್ಲಿರಬೇಕು. ಅದಕ್ಕೆ ದೊಡ್ಡ ಡಾಕ್ಟರು ಸಹಿ ಹಾಕಿದ ಮೇಲೆಯೇ ಕೆಲಸ. ಅವಳು ಸಿಟ್ಟಿನಲ್ಲಿ ಒಂದೇ ಉಸಿರಿಗೆ ಬರೆದಿದ್ದಳು: ಇನ್ನೂ ಹತ್ತು ಬೆಡ್ ಬೇಕು. ಗುಣಮಟ್ಟ ವಿಭಾಗದ ಮೇಡಂ ಅದರ ಮೇಲೆ ಕೆಂಪು ಗೆರೆ ಎಳೆದರು.

"ಇದು ಸಮಸ್ಯೆ ಬರೆಯೋ ಜಾಗ ಸಿಸ್ಟರ್, ನೀವು ಔಷಧಿ ಬರೆದಿದ್ದೀರಿ. ರೋಗ ಏನು ಅಂತ ನೋಡಿದ್ರಾ?"

ಮೈಯೆಲ್ಲ ಉರಿಯಿತು. ಆದರೂ ಮಾತು ನಾಟಿತು. ಚೀಟಿ ಶುರುವಾದದ್ದು ಅವತ್ತೇ.

ಎರಡು ವಾರದ ಚೀಟಿಗಳನ್ನು ಕೂಡಿಸಿ ನೋಡಿದಾಗ ಬೆಡ್‌ಗಳಿಗೇನೂ ಬರವಿರಲಿಲ್ಲ. ಗುಣವಾದವರು ಸರಾಸರಿ ಐದೂವರೆ ಗಂಟೆ ಸುಮ್ಮನೆ ಕೂತಿದ್ದರು. ಔಷಧಿಗೆ ಅರ್ಧ ಗಂಟೆ, ಪತ್ರ ಬರೆಯಲು ಒಂದು ಗಂಟೆ. ಮಿಕ್ಕ ನಾಲ್ಕು ಗಂಟೆ ಆ ಪತ್ರ ದೊಡ್ಡ ಡಾಕ್ಟರ ಮೇಜಿನ ಟ್ರೇಯಲ್ಲಿ ಬಿದ್ದಿರುತ್ತಿತ್ತು. ಪ್ರತಿ ಡಿಸ್ಚಾರ್ಜಿಗೂ ಅವರದೇ ಸಹಿ ಆಗಬೇಕು, ಅವರು ಸಹಿಗೆ ಕೂರುವುದು ಮಧ್ಯಾಹ್ನ ಮೂರರ ಮೇಲೆ.

"ಇದನ್ನ ಬರೆದು ಅವರ ಸಹಿಗೇ ಕಳಿಸ್ತೀರಾ?" ವಾರ್ಡಿನ ಗುಮಾಸ್ತ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳಿದ. "ನೆಮ್ಮದಿಯಾಗಿ ರಿಟೈರ್ ಆಗೋ ಆಸೆ ಇಲ್ವಾ ಸಿಸ್ಟರ್?"

"ಇದೆ. ಅದಕ್ಕೆ ಮುಂಚೆ ಇದೊಂದು ಆಗ್ಲಿ."

ಅವಳು ಮುಚ್ಚುಮರೆ ಇಲ್ಲದೆ ಬರೆದಳು. ಮೂರು ತಿಂಗಳಲ್ಲಿ ಐದೂವರೆ ಗಂಟೆಯನ್ನು ಎರಡಕ್ಕೆ ಇಳಿಸುವುದು. ಮೊದಲ ಪ್ರಯೋಗ, ಡಿಸ್ಚಾರ್ಜಿಗೆ ವಾರ್ಡಿನ ಡಾಕ್ಟರ ಸಹಿಯೇ ಸಾಕು ಎನ್ನುವುದು. ಬೆಳಿಗ್ಗೆ ಒಂಬತ್ತಕ್ಕೆ ಹಾಳೆಯನ್ನು ಟ್ರೇಯಲ್ಲಿಟ್ಟು ಬಂದಳು.

ಕರೆ ಬಂದದ್ದು ಮೂರೂ ನಲವತ್ತಕ್ಕೆ.

"ಇಡೀ ಆಸ್ಪತ್ರೆಗೆ ನಾನೇ ತೊಂದರೆ ಅಂತೀರಿ," ದೊಡ್ಡ ಡಾಕ್ಟರ ಮುಖ ಕೆಂಪಾಗಿತ್ತು.

ಅವಳು ಜೇಬಿನಿಂದ ಚೀಟಿ ತೆಗೆದಳು. "ಈ ಹಾಳೆ ಇಲ್ಲಿಟ್ಟು ಆರು ಗಂಟೆ ನಲವತ್ತು ನಿಮಿಷ ಆಯ್ತು ಸರ್. ಹೊರಗೆ ಸ್ಟ್ರೆಚರ್ ಮೇಲೆ ಒಬ್ಬರು ಮಲಗಿದ್ದಾರೆ. ಹೋದ ತಿಂಗಳು ಅಲ್ಲಿ ಮಲಗಿದ್ದು ನನ್ನ ಅಕ್ಕ."

ಅವರು ಟ್ರೇಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಒಳಗೆ ಈಗ ಎಷ್ಟು ಜನ ಸುಮ್ನೆ ಕೂತಿದ್ದಾರೆ?"

"ನಾಲ್ಕು ಜನ ಸರ್."

ಟ್ರೇಯಲ್ಲಿದ್ದ ನಾಲ್ಕೂ ಡಿಸ್ಚಾರ್ಜ್ ಪತ್ರಗಳಿಗೆ ಮೊದಲು ಸಹಿಯಾಯಿತು. ಕೊನೆಗೆ ಚಾರ್ಟರಿಗೂ ಆಯಿತು. ಆಮೇಲೆ ಅವರು ಖಾಲಿ ಟ್ರೇಯನ್ನೇ ಎತ್ತಿ ಅವಳ ಕೈಗೆ ಕೊಟ್ಟರು. "ಇದನ್ನ ನಿಮ್ಮ ವಾರ್ಡಿನ ಡಾಕ್ಟರ ಮೇಜಿನ ಮೇಲೆ ಇಡಿ. ಮೂರು ತಿಂಗಳು ನೋಡೋಣ."

ಖಾಲಿಯಾದ ಹನ್ನೆರಡನೇ ಬೆಡ್ಡಿಗೆ ಹೊಸ ಬೆಡ್‌ಶೀಟ್ ಹಾಸಿಸಿ, ಕಾರಿಡಾರಿನ ಸ್ಟ್ರೆಚರನ್ನು ಅವಳೇ ಒಳಗೆ ತಳ್ಳಿಕೊಂಡು ಬಂದಳು. ಚೀಟಿಯಲ್ಲಿ ಗಂಟೆ ಬರೆದಾದ ಮೇಲೆ ಫೋನು ತೆಗೆದಳು.

"ಅಕ್ಕಾ, ಬೆಡ್ ಸಿಕ್ತು."

"ಯಾರಿಗೇ?"

"ಗೊತ್ತಿಲ್ಲ," ಅಂದಳು. "ಯಾರೋ ಒಬ್ಬರ ಅಕ್ಕನಿಗೆ."